ಯಾವ ಬೆಳೆ ಎಂದು ಹೇಳಿಲ್ಲವಲ್ಲ

ಬೆಳೆ ಒಣಗಿತ್ತು. ಆಗ ಮಳೆ ಬಂತು. ರೈತನಿಗೆ ________ ಆಯಿತು.

ಆವರಣದಲ್ಲಿ ನಾಲ್ಕು ಪದಗಳು: ಸಂತೋಷ, ದುಃಖ, ಕೋಪ, ನಾಚಿಕೆ. ಸೂಕ್ತ ಪದ ಆರಿಸಿ ಬಿಟ್ಟ ಸ್ಥಳ ತುಂಬಬೇಕು. ಒಂದು ಅಂಕ. ಮಳೆ ಬಂದರೆ ನಾಚಿಕೊಳ್ಳುವ ರೈತನನ್ನು ನಾನಂತೂ ನೋಡಿಲ್ಲ. ನಾಲ್ಕನೆಯ ಪದ ಹೊಳೆಯದೆ ಯಾರೋ ಅವಸರದಲ್ಲಿ ಸೇರಿಸಿರಬೇಕು. ಇರಲಿ. ನನ್ನ ತಂಗಿಯ ಮಗಳು, ನಾಲ್ಕನೆಯ ತರಗತಿಯವಳು, ದುಂಡಗಿನ ಅಕ್ಷರದಲ್ಲಿ ‘ದುಃಖ’ ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ಸೊನ್ನೆ.

ತಂಗಿಯ ಮನೆ ಮೂಡಿಗೆರೆಯ ಕಡೆ. ರೊಬಸ್ಟಾ ಕಾಫಿ ಕೊಯ್ಲಿನ ಕೊನೆಯ ಹಂತ, ಮನೆಯ ಮುಂದಿನ ಕಣದ ತುಂಬ ಹಣ್ಣು ಹರಡಿತ್ತು. ಅದರ ಅಂಚಿನಲ್ಲೇ ಕುಳಿತು ತಂಗಿ ಉತ್ತರ ಪತ್ರಿಕೆ ಹಿಡಿದು ಮಗಳನ್ನು ವಿಚಾರಿಸುತ್ತಿದ್ದಳು. “ಇಡೀ ತರಗತಿಗೆ ಸಂತೋಷ ಆಗಿರುವಾಗ ನಿನಗೊಬ್ಬಳಿಗೆ ಏಕೆ ದುಃಖ?”

“ಯಾವ ಬೆಳೆ ಎಂದು ಹೇಳಿಲ್ಲವಲ್ಲ ಅಮ್ಮ. ಒಣಗಿದೆ ಎಂದರೆ ಕಣದಲ್ಲಿದೆ. ಒಣಗಿದ ಮೇಲೆ ಮಳೆ ಬಂದರೆ ಅಪ್ಪನ ಮುಖ ನೋಡಬೇಕು ನೀನು.”

ನಾನು ನಕ್ಕೆ. ತಂಗಿ ನಗಲಿಲ್ಲ. ಅವಳಿಗೆ ಮಗಳ ಜಾಣತನಕ್ಕಿಂತ ಹೋದ ಅಂಕ ದೊಡ್ಡದು. ಚಿಕ್ಕಂದಿನಿಂದಲೂ ಹಾಗೆಯೇ, ಸಂತೆಯಲ್ಲಿ ಎಂಟಾಣೆ ಕಡಿಮೆ ಚಿಲ್ಲರೆ ಬಂದರೆ ರಾತ್ರಿಯವರೆಗೆ ಅದನ್ನೇ ಹೇಳುತ್ತಿದ್ದವಳು. ಅವಳ ಗಂಡ ಮಾತ್ರ ಹಣ್ಣು ಎಳೆಯುವ ಹಲಗೆ ನಿಲ್ಲಿಸಿ ಬಂದು, ಪತ್ರಿಕೆ ನೋಡಿ, “ಉತ್ತರ ಸರಿಯಾಗಿಯೇ ಇದೆಯಲ್ಲ” ಎಂದು ಮತ್ತೆ ಕೆಲಸಕ್ಕೆ ಹೋದ. ಮನೆಯಲ್ಲಿ ನಡೆಯುವ ಯಾವ ವ್ಯಾಜ್ಯದಲ್ಲೂ ಒಂದು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ಅದು ವಿವೇಕವೋ ಸೋಮಾರಿತನವೋ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಮಗುವಿನ ಮಾತು ಆ ರಾತ್ರಿಯಿಡೀ ತಲೆಯಲ್ಲಿ ಸುತ್ತಿತು. ಯಾವ ಬೆಳೆ ಎಂದು ಹೇಳಿಲ್ಲವಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದು ಇದನ್ನೇ: ಬಿಟ್ಟ ಸ್ಥಳದ ಹಿಂದೆ ಮುಂದೆ ನೋಡಿರಿ, ಸುಳಿವು ಅಲ್ಲೇ ಇರುತ್ತದೆ. ಇವಳು ನೋಡಿದ್ದಾಳೆ. ‘ಒಣಗಿತ್ತು’ ಎಂಬುದನ್ನು ಹಿಡಿದಿದ್ದಾಳೆ. ಅವಳ ಮನೆಯಲ್ಲಿ ಆ ಕ್ರಿಯೆಗೆ ಇರುವ ಅರ್ಥ ಒಂದೇ. ಹಣ್ಣನ್ನು ಬಿಸಿಲಿಗೆ ಹಾಕಿ, ಹಗಲೆಲ್ಲ ಎಳೆದು ಮಗುಚಿ, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿ, ಎರಡು ವಾರ ಕಾದ ಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಅದು ಒಣಗುವುದು. ಆ ಹೊತ್ತಿನಲ್ಲಿ ಮಳೆ ಬಂದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಕೊಳ್ಳುವವನು ಮೂಗಿನ ಹತ್ತಿರ ಹಿಡಿದು ನೋಡಿ ಬೆಲೆ ಇಳಿಸುತ್ತಾನೆ. ಈ ರೈತನಿಗೆ ಸಂತೋಷ ಆಯಿತು ಎಂದು ಬರೆಯಬೇಕಾದರೆ ಅವನಿಗೆ ತಲೆ ಸರಿಯಿಲ್ಲ ಎಂಬ ಸುಳಿವೂ ವಾಕ್ಯದಲ್ಲಿ ಇರಬೇಕಾಗಿತ್ತು.

ಪ್ರಶ್ನೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬಾಡಿದ ಪೈರು. ‘ಪೈರು ಬಾಡಿತ್ತು’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅದಕ್ಕಿಂತ ನನಗೆ ಸಿಟ್ಟು ಬಂದದ್ದು ನಡುವಿನ ಆ ‘ಆಗ’ದ ಮೇಲೆ. ‘ಕೊನೆಗೂ ಮಳೆ ಬಂತು’ ಎಂದರೆ ಕಾದಿದ್ದಾರೆ ಎಂದು ಗೊತ್ತಾಗುತ್ತದೆ. ‘ಅಷ್ಟರಲ್ಲಿ ಮಳೆ ಬಂತು’ ಎಂದರೆ ಏನೋ ಕೆಟ್ಟಿತು. ‘ಮಳೆಯೂ ಬಂತು’ ಎಂದರೆ ಕಷ್ಟದ ಮೇಲೆ ಕಷ್ಟ, ಅಥವಾ ಸುಖದ ಮೇಲೆ ಸುಖ. ಹಿಂದಿನ ವಾಕ್ಯ ಓದಬೇಕು. ‘ಮಳೆ ಹಿಡಿಯಿತು’ ಎಂದರೆ ಇನ್ನು ಬಿಡುವ ಹಾಗಿಲ್ಲ. ನಮ್ಮ ಭಾಷೆಯಲ್ಲಿ ಒಂದು ಅವ್ಯಯ ಸಾಕು, ಕೇಳುವವನಿಗೆ ಹೇಳುವವನ ಮುಖ ಕಾಣುತ್ತದೆ. ಅಂಥ ಭಾಷೆಯಿಂದ ಏನನ್ನೂ ಹೇಳದ ಒಂದು ‘ಆಗ’ವನ್ನು ಹುಡುಕಿ ತಂದು ಇಟ್ಟಿದ್ದಾರೆ.

ಇನ್ನು ‘ಮಳೆ’. ಹಿಂದಿನವರು ಬರೀ ‘ಮಳೆ ಬಂತು’ ಎನ್ನುತ್ತಿರಲಿಲ್ಲ. ಭರಣಿಯೋ ರೋಹಿಣಿಯೋ ಆರಿದ್ರೆಯೋ ಹುಬ್ಬೆಯೋ, ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರದ ಹೆಸರು ಹಿಡಿದೇ ಹೇಳುತ್ತಿದ್ದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ. ಹೆಸರು ಹೇಳಿದರೆ ಕಾಲ ಗೊತ್ತಾಯಿತು, ಕಾಲ ಗೊತ್ತಾದರೆ ಹೊಲದಲ್ಲಿ ಏನಿದೆ ಎಂದು ಗೊತ್ತಾಯಿತು, ಆಮೇಲೆ ಹಿಗ್ಗಬೇಕೋ ಕುಗ್ಗಬೇಕೋ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಜನವರಿಯಿಂದಾಚೆಗೆ ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಗಲು ಹರಡಿರುತ್ತದೆ. ವಿಜಯಪುರದಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ. ಅಲ್ಲಿಗೆ ಹೋಗಿ ಮಳೆ ಬಂತೆಂದು ಶುಭಾಶಯ ಹೇಳಿ ನೋಡಿ.

ಮೂಡಿಗೆರೆಯ ಮಾತು ಇನ್ನೂ ತೊಡಕಿನದು. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಕ್ಕೆ ಹೂವಿನ ಮಳೆ ಬೇಕು. ಒಂದು ಇಂಚಿನಷ್ಟು ಸುರಿದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮೂವತ್ತು ಸೆಂಟ್ಸ್ (ನೂರು ಸೆಂಟ್ಸ್ ಎಂದರೆ ಒಂದು ಇಂಚು) ಬಿದ್ದು ನಿಂತರೆ ಬಾರದೇ ಇದ್ದದ್ದೇ ವಾಸಿ, ಮೊಗ್ಗು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಬೇಕು. ಅರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಹೂವು ಮುಗಿದು ಎರಡು ಮೂರು ವಾರಕ್ಕೆ ಮತ್ತೊಮ್ಮೆ ಬ್ಯಾಕಿಂಗ್ ಮಳೆ ಬೇಕು, ಇಲ್ಲದಿದ್ದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಹೀಗಾಗಿ ಒಂದೇ ರಸ್ತೆಯ ಮೂರು ಮನೆಗಳಿಗೆ ಒಂದೇ ರಾತ್ರಿಯ ಮಳೆ ಮೂರು ಬಗೆಯದು. ಕೊಯ್ಲು ಮುಗಿಸಿದವನು ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಮೀಸೆ ತಿರುವುತ್ತಾನೆ. ಕಣದ ತುಂಬ ಹಣ್ಣು ಇಟ್ಟುಕೊಂಡವನು ಟಾರ್ಪಾಲಿನ ತೂತು ಎಣಿಸುತ್ತಾನೆ. ವಾರದ ಹಿಂದೆ ನೀರು ಹಾಯಿಸಿ ಹೂವು ಅರಳಿಸಿಕೊಂಡವನು ಯಾರ ಹತ್ತಿರವೂ ಮಾತನಾಡುವುದಿಲ್ಲ. ನನ್ನ ತಂಗಿಯ ಗಂಡನಂತೂ ಒಂದೇ ಮಳೆಗೆ ಕಣದ ಕಡೆ ತಿರುಗಿ ಬೈದು, ತೋಟದ ಕಡೆ ತಿರುಗಿ ಕೈಮುಗಿದದ್ದನ್ನು ನಾನೇ ಕಂಡಿದ್ದೇನೆ.

ಹಾಗಿದ್ದರೆ ಆ ತರಗತಿಯ ಉಳಿದ ಮಕ್ಕಳು? ಅವರ ಮನೆಗಳಲ್ಲೂ ಕಣವಿದೆ, ಅವರ ಅಪ್ಪಂದಿರೂ ರಾತ್ರಿ ಎದ್ದು ಟಾರ್ಪಾಲು ಎಳೆಯುತ್ತಾರೆ. ಆದರೂ ಎಲ್ಲರೂ ‘ಸಂತೋಷ’ ಎಂದೇ ಬರೆದಿದ್ದಾರೆ. ಪಕ್ಕದ ಮನೆಯ ಹುಡುಗ, ಇವಳ ಸಹಪಾಠಿ, ಸಂಜೆ ಆಡಲು ಬಂದಾಗ ಕೇಳಿದೆ: “ಕಣದಲ್ಲಿ ಕಾಫಿ ಇರುವಾಗ ಮಳೆ ಬಂದರೆ ನಿಮ್ಮ ಅಪ್ಪನಿಗೆ ಸಂತೋಷ ಆಗುತ್ತದೆಯೇ?”

“ಇಲ್ಲ.”

“ಮತ್ತೆ ಸಂತೋಷ ಎಂದು ಏಕೆ ಬರೆದೆ?”

ನನ್ನನ್ನು ಕನಿಕರದಿಂದ ನೋಡಿದ. “ಪರೀಕ್ಷೆಯಲ್ಲಿ ಮಳೆ ಬಂದರೆ ಸಂತೋಷ ಎಂದೇ ಬರೆಯಬೇಕು ಆಂಟಿ.”

ಈ ಹುಡುಗ ಮುಂದೆ ಬರುತ್ತಾನೆ, ಅನುಮಾನವೇ ಇಲ್ಲ. ಅವನೂ ಸಂದರ್ಭವನ್ನು ಓದಿದ್ದಾನೆ. ಆದರೆ ಅವನು ಓದಿದ್ದು ವಾಕ್ಯದ ಸಂದರ್ಭವನ್ನಲ್ಲ, ಕಾಗದ ಕೊಟ್ಟವರ ಸಂದರ್ಭವನ್ನು. ಪ್ರಶ್ನೆಪತ್ರಿಕೆಯ ರೈತ ಎಂಬ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ತಲೆಯಲ್ಲಿ ರುಮಾಲು, ಮುಂದೆ ಜೋಡೆತ್ತು, ಮಳೆ ಬಂದರೆ ಸಂತೋಷ, ಬಾರದಿದ್ದರೆ ದುಃಖ. ಅವನಿಗೂ ನಮ್ಮ ಅಪ್ಪನಿಗೂ ಸಂಬಂಧವಿಲ್ಲ ಎಂಬುದನ್ನು ಒಂಬತ್ತನೆಯ ವಯಸ್ಸಿಗೇ ತಿಳಿದುಕೊಂಡಿದ್ದಾನೆ. ಪರೀಕ್ಷೆಯಲ್ಲಿ ತಾಯಿ ಸದಾ ಅಡುಗೆಮನೆಯಲ್ಲಿರುತ್ತಾಳೆ, ಹಳ್ಳಿಯಲ್ಲಿ ಸದಾ ಶಾಂತಿ ಇರುತ್ತದೆ, ಅಜ್ಜಿ ಕಥೆ ಹೇಳುತ್ತಾಳೆಯೇ ಹೊರತು ಟಿವಿ ನೋಡುವುದಿಲ್ಲ. ಮನೆಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬಂದವರಿಗೆ ಹತ್ತಕ್ಕೆ ಹತ್ತು. ತಂಗಿಯ ಮಗಳು ಕಣವನ್ನು ಜೊತೆಗೇ ತಂದಳು, ಒಂಬತ್ತು ಬಂತು. ನನಗೆ ಹುಡುಗನ ಮೇಲೆ ಸಿಟ್ಟಿಲ್ಲ. ಅವನ ಉತ್ತರ ಕೇಳಿ ಸ್ವಲ್ಪ ಹೆದರಿಕೆಯಾಯಿತು, ಅಷ್ಟೇ.

ಪದ ಬಿಟ್ಟು ತುಂಬಿಸುವ ಈ ಕ್ರಮಕ್ಕೆ ಒಂದು ಹಿನ್ನೆಲೆಯಿದೆ, ನಮ್ಮ ಕಾಲದ ತರಬೇತಿಯಲ್ಲಿ ಓದಿದ್ದು. 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಎಂಬವರು ‘ಕ್ಲೋಜ್’ ಎಂಬ ವಿಧಾನವನ್ನು ಮುಂದಿಟ್ಟರು. ಒಂದು ಬರಹದಲ್ಲಿ ಗೊತ್ತಾದ ಅಂತರಕ್ಕೆ ಒಂದೊಂದು ಪದ ಅಳಿಸಿ ಓದುಗರಿಗೆ ಕೊಡುವುದು, ಅವರು ಎಷ್ಟು ಪದಗಳನ್ನು ಮೂಲದಲ್ಲಿದ್ದಂತೆಯೇ ತುಂಬುತ್ತಾರೆ ಎಂದು ಎಣಿಸುವುದು. ಅವರು ಅಳೆಯಲು ಹೊರಟದ್ದು ಓದುಗನನ್ನಲ್ಲ, ಬರಹವನ್ನು. ಇದು ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂಬುದನ್ನು. ಓದುಗರು ತಡವರಿಸಿದರೆ ಬರಹಕ್ಕೆ ಅಂಕ ಕಡಿಮೆ. ಅದೇ ಸಾಧನ ಶಾಲೆಗೆ ಬಂದ ಮೇಲೆ ದಿಕ್ಕು ಬದಲಾಯಿತು, ಅಂಕ ಹೋಗುವುದು ಮಗುವಿನದು. ಮೂಲದ ಪದವನ್ನೇ ಬರೆಯಬೇಕೋ, ಅರ್ಥಕ್ಕೆ ಹೊಂದುವ ಯಾವ ಪದವಾದರೂ ಆದೀತೋ ಎಂಬ ಚರ್ಚೆಯನ್ನು ಭಾಷಾಪರೀಕ್ಷೆಯವರು ಬಹಳ ಮಾಡಿದ್ದಾರೆ. ನಮ್ಮಲ್ಲಿ ಆ ಚರ್ಚೆಯೇ ಏಳುವುದಿಲ್ಲ, ಏಕೆಂದರೆ ಬಿಟ್ಟ ಸ್ಥಳದ ವಾಕ್ಯವನ್ನು ಬಹುಮಟ್ಟಿಗೆ ಪಾಠದಿಂದಲೇ ಎತ್ತಿರುತ್ತಾರೆ. ಮಗು ಸುಳಿವು ಹುಡುಕಬೇಕಾಗಿಲ್ಲ, ಸಾಲು ನೆನಪಿದ್ದರೆ ಸಾಕು. ಟೇಲರ್ ಲೆಕ್ಕದಲ್ಲಿ ನೋಡಿದರೆ ಮೊನ್ನೆಯ ಸೊನ್ನೆ ಬೀಳಬೇಕಾದದ್ದು ಆ ಮೂರು ವಾಕ್ಯಗಳಿಗೆ.

ಟೀಚರನ್ನು ಭೇಟಿಯಾಗಬೇಕೆಂದು ನಾನು ಹೊರಟದ್ದಲ್ಲ. ತಂಗಿ ಒತ್ತಾಯಿಸುತ್ತಿದ್ದಳು, ನಾನು ತಪ್ಪಿಸಿಕೊಳ್ಳುತ್ತಿದ್ದೆ. ನಿವೃತ್ತ ಶಿಕ್ಷಕಿ ಇನ್ನೊಬ್ಬ ಶಿಕ್ಷಕಿಯ ಹತ್ತಿರ ಒಂದು ಅಂಕ ಕೇಳಲು ಹೋಗುವಷ್ಟು ಅಸಹ್ಯ ಇನ್ನೊಂದಿಲ್ಲ. ಆದರೆ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಅವರೇ ಪಕ್ಕದಲ್ಲಿ ಬಂದು ನಿಂತರು. ಎಳೆಯ ವಯಸ್ಸು, ಹೆಗಲಲ್ಲಿ ತಿದ್ದಬೇಕಾದ ಪತ್ರಿಕೆಗಳ ಚೀಲ. ಚಳ್ಳಕೆರೆ ಕಡೆಯವರಂತೆ, ಇಲ್ಲಿಗೆ ಬಂದು ಇನ್ನೂ ಹೊಸತು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆಯಿಂದ ಆಗುಂಬೆಯ ನೆರೆಯ ಜಿಲ್ಲೆಯ ಈ ಜೌಗಿಗೆ ಬಂದು ಬಿದ್ದಿದ್ದಾರೆ. ನಾನು ಯಾರೆಂದು ಗೊತ್ತಾದ ಕೂಡಲೇ ಅವರೇ ಮಾತು ತೆಗೆದರು.

“ನಿಮ್ಮ ಹುಡುಗಿ ತರಗತಿಯಲ್ಲೂ ಕೇಳಿದಳು ಮೇಡಂ, ಯಾವ ಬೆಳೆ ಟೀಚರ್ ಎಂದು. ಪ್ರಶ್ನೆ ನಾನು ಬರೆದದ್ದಲ್ಲ. ಉತ್ತರಸೂಚಿಯಲ್ಲಿ ‘ಸಂತೋಷ’ ಎಂದಿದೆ. ನಮ್ಮ ಊರಿನಲ್ಲಿ ಮಳೆ ಬಂದು ಯಾರಿಗಾದರೂ ದುಃಖವಾದದ್ದನ್ನು ನಾನು ನೋಡಿಲ್ಲ.”

“ಶೇಂಗಾ ಕಿತ್ತು ಹೊಲದಲ್ಲಿ ಒಣಗಲು ಬಿಟ್ಟಿರುತ್ತಾರಲ್ಲ, ಆಗ ಬಂದರೆ?”

ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ನಗು ಬಂತು. “ಆಗ ಬಂದರೆ ಮುಗಿಯಿತು ಮೇಡಂ. ಕಾಯಿ ಮೊಳಕೆ ಒಡೆಯುತ್ತದೆ. ನಮ್ಮ ಅಪ್ಪ ಮಳೆಗೆ ಬೈದು ಊಟ ಬಿಟ್ಟದ್ದುಂಟು.”

ಅವರನ್ನು ಹೊರಗಿನವರು, ಮಲೆನಾಡು ಗೊತ್ತಿಲ್ಲದವರು ಎಂದು ತಂಗಿ ದೂರುತ್ತಿದ್ದಳು. ಹಾಗಲ್ಲ. ಅವರ ಮನೆಯ ರೈತನೂ ಪ್ರಶ್ನೆಪತ್ರಿಕೆಯ ರೈತನಲ್ಲ. ಅವರೂ ಎಂದೋ ಯಾವುದೋ ಬೆಂಚಿನ ಮೇಲೆ ಕುಳಿತು, ಮನೆಯ ಶೇಂಗಾ ಮರೆತು, ‘ಸಂತೋಷ’ ಎಂದು ಬರೆದು ಅಂಕ ಗಳಿಸಿಯೇ ಇಲ್ಲಿಯವರೆಗೆ ಬಂದಿದ್ದಾರೆ.

ಬಸ್ಸು ತಡವಾಯಿತು, ಆದ್ದರಿಂದ ನಮಗೆ ಕೆಲಸ ಸಿಕ್ಕಿತು. ಮುಂದಿನ ಕಿರುಪರೀಕ್ಷೆಗೆ ಪ್ರಶ್ನೆ ಅವರೇ ಬರೆಯುತ್ತಾರಂತೆ. ಪತ್ರಿಕೆಯ ಹಿಂಬದಿಯಲ್ಲಿ ಬರೆದು, ಹೊಡೆದು, ಮತ್ತೆ ಬರೆದೆವು. ಎರಡು ಅರ್ಥ ಬಾರದ ಹಾಗೆ, ಬೆಳೆಯ ಹೆಸರು ಇರುವ ಹಾಗೆ, ‘ಆಗ’ ಇಲ್ಲದ ಹಾಗೆ. ಕೊನೆಗೆ ನಿಂತದ್ದು: ‘ಕಾಫಿ ಗಿಡಗಳು ಮೊಗ್ಗು ಕಟ್ಟಿ ಕಾಯುತ್ತಿದ್ದವು. ಕಣದಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ. ಕೊನೆಗೂ ಮಳೆ ಬಂತು. ರೈತನಿಗೆ ________ ಆಯಿತು.’ ನಾಚಿಕೆಯನ್ನು ತೆಗೆದು ಆ ಜಾಗಕ್ಕೆ ‘ಬೇಸರ’ ಹಾಕಿದೆವು. ಇದಕ್ಕಿಂತ ಬಿಗಿಯಾಗಿ ಕಟ್ಟಲು ಸಾಧ್ಯವಿಲ್ಲ ಎಂದು ಇಬ್ಬರಿಗೂ ಅನ್ನಿಸಿತು.

ಮನೆಗೆ ಬಂದು ತಂಗಿಯ ಮಗಳಿಗೆ ಓದಿ ಹೇಳಿದೆ. ಅವಳ ಪತ್ರಿಕೆಯಲ್ಲಿ ಇದು ಬರದಿರಲಿ ಎಂದು ಟೀಚರಿಗೆ ಮೊದಲೇ ಹೇಳಿ ಬಂದಿದ್ದೆ. ಕಣ್ಣು ಮುಚ್ಚಿ ಕೇಳಿದಳು. ಹುಬ್ಬು ಗಂಟಿಕ್ಕಿತು.

“ಎಷ್ಟು ಸೆಂಟ್ಸ್ ಬಂತು ದೊಡ್ಡಮ್ಮ?”

ಕಣದ ಆ ತುದಿಯಿಂದ ಅವಳಪ್ಪ ಈ ಸಲ ಎರಡು ಮಾತು ಆಡಿದ. “ಸರಿಯಾಗಿ ಕೇಳಿದೆ. ಒಂದು ಇಂಚು ಎಂದು ಬರೆದುಕೊಳ್ಳಲು ಹೇಳಿ ನಿಮ್ಮ ಟೀಚರಿಗೆ.”