ಎಕ್ಸ್‌ಮಸ್: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಈ ಜಗಳ ಶುರು: ಕ್ರಿಸ್‌ಮಸ್ ಅನ್ನು ಚುಟುಕಾಗಿ ಎಕ್ಸ್‌ಮಸ್ (Xmas) ಎಂದು ಬರೆಯಬಹುದೇ? ಎಕ್ಸ್‌ಮಸ್ ಎಂದು ಬರೆದರೆ ಕ್ರಿಸ್ತನ ಹೆಸರನ್ನೇ ಹೊಡೆದುಹಾಕಿದಂತೆ ಎನ್ನುವವರು ಒಂದು ಕಡೆ. ಆ ಎಕ್ಸ್ ಗ್ರೀಕ್ ಅಕ್ಷರ, ಅದರ ಅರ್ಥವೇ ಕ್ರಿಸ್ತ ಎನ್ನುವವರು ಇನ್ನೊಂದು ಕಡೆ. ಇತಿಹಾಸದ ಮಟ್ಟಿಗೆ ಎರಡನೆಯವರು ಸರಿ. ಆದರೆ ಇತಿಹಾಸ ಸರಿಯಾಗಿದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಬರೆಯಬಹುದು ಎಂದಾಗುವುದಿಲ್ಲ. ಕನ್ನಡದಲ್ಲಂತೂ ಲೆಕ್ಕವೇ ಬೇರೆ.

ಗ್ರೀಕ್‌ನಲ್ಲಿ ಕ್ರಿಸ್ತನ ಹೆಸರು ‘ಖ್ರಿಸ್ತೋಸ್’. ಮೊದಲ ಅಕ್ಷರ ಖೀ. ನೋಡಲು ರೋಮನ್ ಎಕ್ಸ್‌ನಂತೆಯೇ ಇದೆ. ಎರಡನೆಯದು ರೋ, ಅದು ರೋಮನ್ ಪಿ ಥರ ಕಾಣುತ್ತದೆ. ಹೊಸ ಒಡಂಬಡಿಕೆಯ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ದೇವರು, ಕರ್ತ, ಯೇಸು, ಕ್ರಿಸ್ತ ಎಂಬ ನಾಲ್ಕು ಹೆಸರುಗಳನ್ನು ಪೂರ್ತಿ ಬರೆಯುವುದು ಅಪರೂಪ. ಮೊದಲಕ್ಷರ, ಕೊನೆಯಕ್ಷರ ಬರೆದು ಮೇಲೊಂದು ಅಡ್ಡಗೆರೆ ಎಳೆಯುತ್ತಿದ್ದರು. ವಿಭಕ್ತಿ ಬದಲಾದರೆ ಕೊನೆಯ ಅಕ್ಷರವೂ ಬದಲಾಗುತ್ತದೆ: ‘ಕ್ರಿಸ್ತನು’ ಎನ್ನಲು ಖೀ-ಸಿಗ್ಮ, ‘ಕ್ರಿಸ್ತನ’ ಎನ್ನಲು ಖೀ-ಉಪ್ಸಿಲಾನ್. ಹಾಗಾಗಿ ಓದುವವನಿಗೆ ವ್ಯಾಕರಣದ ಗೊಂದಲವಿಲ್ಲ. ಈ ಪದ್ಧತಿಗೆ ‘ನೊಮಿನಾ ಸಾಕ್ರಾ’, ಅಂದರೆ ಪವಿತ್ರ ನಾಮಗಳು, ಎಂಬ ಹೆಸರು ರೂಢಿಗೆ ಬಂದದ್ದು ಜರ್ಮನ್ ವಿದ್ವಾಂಸ ಲುಡ್ವಿಗ್ ಟ್ರೌಬೆಯ, 1907ರಲ್ಲಿ ಪ್ರಕಟವಾದ ಅಧ್ಯಯನದಿಂದ.

ಇದು ಜಾಗ ಉಳಿಸುವ ಉಪಾಯವಾಗಿತ್ತೇ? ಹಾಗೆ ಕಾಣುವುದಿಲ್ಲ. 4ನೇ ಶತಮಾನದ ಸಿನಾಯ್ ಪ್ರತಿಯಂಥ ದುಬಾರಿ ಚರ್ಮದ ಗ್ರಂಥದಲ್ಲೂ, ಅಗಲವಾದ ಅಂಚು ಖಾಲಿ ಬಿಟ್ಟಿರುವಲ್ಲೂ, ಈ ಹೆಸರುಗಳು ಮಾತ್ರ ಹ್ರಸ್ವವಾಗಿಯೇ ಇವೆ. ಅವಸರವಿದ್ದಿದ್ದರೆ ಉದ್ದನೆಯ ಬೇರೆ ಪದಗಳನ್ನು ಮೊದಲು ಕತ್ತರಿಸುತ್ತಿದ್ದರು. ಮೇಲಿನ ಗೆರೆ ‘ಇಲ್ಲಿ ಗೌರವ’ ಎನ್ನುವ ಗುರುತು ಎಂದು ಹಲವು ವಿದ್ವಾಂಸರು ಓದುವುದು ಇದೇ ಕಾರಣಕ್ಕೆ. ಸುಮಾರು 800ರ ಹೊತ್ತಿಗೆ ತಯಾರಾದ, ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಕೆಲ್ಸ್ ಗ್ರಂಥದ ಅತ್ಯಂತ ಪ್ರಸಿದ್ಧ ಪುಟ ನೋಡಿ: ಮತ್ತಾಯನ ಸುವಾರ್ತೆಯಲ್ಲಿ ಕ್ರಿಸ್ತನ ಜನನದ ಮಾತು ಶುರುವಾಗುವ ಕಡೆ, ಹ್ರಸ್ವಗೊಳಿಸಿದ ಆ ಹೆಸರಿನ ಖೀ ಅಕ್ಷರವೇ ಬಹುಪಾಲು ಪುಟ ಆವರಿಸಿ ನಿಂತಿದೆ. ಹೆಸರು ಅಳಿಸುವವರು ಒಂದು ಅಕ್ಷರಕ್ಕೆ ಇಷ್ಟು ಬಣ್ಣ ಸುರಿಯುವುದಿಲ್ಲ.

ಎಡವಟ್ಟಾದದ್ದು ಆಮೇಲೆ. ಲ್ಯಾಟಿನ್ ಲಿಪಿಕಾರರು ಗ್ರೀಕ್‌ನ ಖೀ-ರೋ ಹಾಗೇ ಉಳಿಸಿಕೊಂಡು ಕೊನೆಗೆ ಲ್ಯಾಟಿನ್ ಅಕ್ಷರ ಸೇರಿಸಿದರು. ಇಂಗ್ಲೆಂಡಿನವರು ಅದನ್ನೇ ತಮ್ಮ ಬರವಣಿಗೆಗೆ ತಂದುಕೊಂಡರು. ಕಾಲಕ್ರಮೇಣ ರೋ ಬಿತ್ತು, ಮೇಲಿನ ಗೆರೆಯೂ ಬಿತ್ತು. ಉಳಿದದ್ದು ಒಂಟಿ ಎಕ್ಸ್. ಗ್ರೀಕ್ ಗೊತ್ತಿದ್ದವರಿಗೆ ಅದೇ ಸಾಕು. ಕವಿ ಕೋಲ್‌ರಿಜ್ ತನ್ನ ಪತ್ರವೊಂದರಲ್ಲಿ ಎಕ್ಸ್‌ಮಸ್ ಎಂದು ಸಲೀಸಾಗಿ ಬರೆದಿದ್ದಾನೆ. ಗ್ರೀಕ್ ಗೊತ್ತಿಲ್ಲದವರಿಗೆ ಎಕ್ಸ್ ಎಂದರೆ ಬೇರೆಯೇ ಸಂಗತಿ. 1637ರಲ್ಲಿ ಡೆಕಾರ್ಟ್ ಅದನ್ನು ಗಣಿತದ ಅಜ್ಞಾತ ಸಂಖ್ಯೆಗೆ ಬಳಸಿದ. ಮೇಷ್ಟ್ರು ತಪ್ಪು ಉತ್ತರದ ಮೇಲೆ ಹಾಕುವುದೂ ಅದೇ ಆಕಾರ. ಬ್ರಿಟನ್ 1951ರಲ್ಲಿ ವಯಸ್ಕರ ಸಿನಿಮಾಗಳಿಗೆ ಕೊಡತೊಡಗಿದ ಪ್ರಮಾಣಪತ್ರವೂ ಎಕ್ಸ್ ಆಗಿತ್ತು. ಇಷ್ಟೆಲ್ಲ ಹೊರೆ ಹೊತ್ತ ಅಕ್ಷರ ಕ್ರಿಸ್ತನ ಜಾಗದಲ್ಲಿ ಕೂತಾಗ ಭಕ್ತರಿಗೆ ಇರುಸುಮುರುಸಾದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ. ಅಮೆರಿಕದ ಧರ್ಮಬೋಧಕ ಫ್ರಾಂಕ್ಲಿನ್ ಗ್ರಹಾಮ್ 2005ರಲ್ಲಿ ಟಿವಿಯಲ್ಲಿ ಎತ್ತಿದ ಆಕ್ಷೇಪವೂ ಇದೇ: ಹಬ್ಬದಿಂದ ಕ್ರಿಸ್ತನನ್ನೇ ತೆಗೆದುಹಾಕುತ್ತಿದ್ದಾರೆ ಎಂಬುದು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ಕೂಡ ಈ ಹ್ರಸ್ವರೂಪ ಬೇಡ ಎನ್ನುತ್ತದೆ.

ಇದರ ತದ್ವಿರುದ್ಧ ಬಳಕೆಯೂ ಉಂಟು. ‘ಕ್ರಿಸ್ತ’ ಎಂದರೆ ಅಭಿಷಿಕ್ತ, ಮೆಸ್ಸೀಯ. ಯೇಸುವನ್ನು ಹಾಗೆ ಒಪ್ಪಿಕೊಳ್ಳದ ಕೆಲವು ಯಹೂದಿಗಳು ಆ ಬಿರುದು ಬರೆಯುವುದು ಬೇಡವೆಂದೇ ಎಕ್ಸ್ ಬಳಸುತ್ತಾರೆ. ಹಾಗೆಯೇ ‘ಮಸ್’ ಭಾಗವೂ ತಕರಾರಿನಿಂದ ತಪ್ಪಿಸಿಕೊಂಡಿಲ್ಲ. ಅದು ಬಲಿಪೂಜೆ ಎಂಬರ್ಥದ ‘ಮಾಸ್’. ಬಲಿಪೂಜೆ ಒಪ್ಪದ ಇಂಗ್ಲೆಂಡಿನ ಪ್ಯೂರಿಟನ್ನರು 17ನೇ ಶತಮಾನದಲ್ಲಿ ‘ಕ್ರೈಸ್ಟ್-ಟೈಡ್’, ಅಂದರೆ ಕ್ರಿಸ್ತನ ಹಬ್ಬದ ಕಾಲ, ಎನ್ನುತ್ತಿದ್ದರು. 1647ರಲ್ಲಿ ಅಲ್ಲಿನ ಪಾರ್ಲಿಮೆಂಟು ಹಬ್ಬವನ್ನೇ ರದ್ದು ಮಾಡಿತು. ಹೆಸರಿನ ಮುಂದಿನರ್ಧಕ್ಕೆ ಒಬ್ಬರ ಸಿಟ್ಟು, ಹಿಂದಿನರ್ಧಕ್ಕೆ ಇನ್ನೊಬ್ಬರದು.

ಇನ್ನು ನಮ್ಮ ಮನೆಯ ಸಂಗತಿ. ಪವಿತ್ರವಾದದ್ದನ್ನು ಚಿಕ್ಕದಾಗಿ ಬರೆಯುವುದು ಕನ್ನಡಿಗರಿಗೆ ಹೊಸದಲ್ಲ. ‘ಕ್ರಿ.ಶ.’ ಎಂದು ಬರೆಯುವಾಗಲೆಲ್ಲ ಕ್ರಿಸ್ತನ ಹೆಸರನ್ನೇ ಒಂದು ಅಕ್ಷರಕ್ಕೆ ಇಳಿಸಿರುತ್ತೇವೆ. ಅದು ಯಾರಿಗೂ ಅವಮಾನ ಎನಿಸಿಲ್ಲ, ಯಾಕೆಂದರೆ ಬಾಯಲ್ಲಿ ಓದುವಾಗ ‘ಕ್ರಿಸ್ತ ಶಕ’ ಎಂದೇ ಬರುತ್ತದೆ. ಲಗ್ನಪತ್ರಿಕೆಯ ‘ಚಿ.ಸೌ.’ ಕೂಡ ಹಾಗೆ, ಓದುವುದು ಪೂರ್ತಿ. ಬಿಸ್ಮಿಲ್ಲಾಗೆ ಬದಲಾಗಿ 786 ಬರೆಯುವ ರೂಢಿ ನಮ್ಮ ಉಪಖಂಡದ ಮುಸ್ಲಿಮರಲ್ಲಿದೆ, ಅಕ್ಷರಗಳ ಅಂಕಿಬೆಲೆ ಕೂಡಿಸಿ ಬಂದ ಸಂಖ್ಯೆ ಅದು. ಅದನ್ನು ಒಪ್ಪದ ಉಲೇಮಾಗಳೂ (ಧರ್ಮಪಂಡಿತರೂ) ಇದ್ದಾರೆ.

ಎಕ್ಸ್‌ಮಸ್ ಕೆಟ್ಟದ್ದು ಇಲ್ಲೇ. ಮೂಲದಲ್ಲಿ ಅದು ಬರೆಯುವ ರೂಪ ಮಾತ್ರ. ಓದುವಾಗ ‘ಕ್ರಿಸ್‌ಮಸ್’ ಎನ್ನಬೇಕು. ಬರೆದದ್ದನ್ನೇ ಉಚ್ಚರಿಸತೊಡಗಿದ ಮೇಲೆ ಹ್ರಸ್ವರೂಪ ಹೋಗಿ ಬೇರೆ ಪದವೇ ಆಯಿತು. ಆ ಉಚ್ಚಾರಣೆಯನ್ನು ಕನ್ನಡ ಲಿಪಿಗೆ ಇಳಿಸಿದರೆ ಇನ್ನೂ ವಿಚಿತ್ರ. ಖೀಯ ಆಕಾರವೇ ಇಲ್ಲವಾದ ಮೇಲೆ ಗ್ರೀಕ್ ಸಮರ್ಥನೆಗೆ ಕಾಲೂರಲು ಜಾಗವಿಲ್ಲ. ಚಿಕ್ಕದಾದರೂ ಆಯಿತೇ ಎಂದರೆ ಅದೂ ಇಲ್ಲ: ಕ್ರಿ-ಸ್-ಮ-ಸ್ ನಾಲ್ಕು, ಎ-ಕ್ಸ್-ಮ-ಸ್ ನಾಲ್ಕು. ಕನ್ನಡ ಲಿಪಿಯಲ್ಲಿ ಎಕ್ಸ್‌ಮಸ್ ಬರೆಯಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಮಂಗಳೂರಿನ ಕೊಂಕಣಿ ಕಥೋಲಿಕರಿಗೆ ಈ ಪೇಚಾಟವೇ ಇಲ್ಲ, ಅವರ ಹಬ್ಬದ ಹೆಸರು ‘ನತಾಲಾಂ’.

ಚರ್ಚಿನಿಂದ ಎಸ್‌ಎಂಎಸ್ ಕಳಿಸುವವರು ಜಾಗದ ಕಷ್ಟ ಹೇಳುತ್ತಾರೆ. ಕಷ್ಟ ನಿಜ. ಬರೀ ರೋಮನ್ ಅಕ್ಷರವಿದ್ದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರಸ್ಥಾನ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಸಾಮಾನ್ಯವಾಗಿ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಅದರಲ್ಲೂ ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಕಾಣದ ಗುರುತು, ಖಾಲಿ ಜಾಗ ಎಲ್ಲವೂ ಒಂದೊಂದು ಸ್ಥಾನ ನುಂಗುತ್ತವೆ. ‘ಕ್ರಿಸ್‌ಮಸ್ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದರೆ 34 ಸ್ಥಾನ. ಪೂಜೆಯ ಹೊತ್ತು, ಜಾಗ ಹೇಳಲು 36 ಉಳಿಯಿತು. ಇದರಲ್ಲಿ ‘ಕ್ರಿಸ್‌ಮಸ್’ 10, ಕನ್ನಡ ಲಿಪಿಯ ‘ಎಕ್ಸ್‌ಮಸ್’ 9: ಒಂದೇ ಸ್ಥಾನದ ಲಾಭ. ರೋಮನ್ ಲಿಪಿಯ ನಾಲ್ಕಕ್ಷರ ತುರುಕಿದರೆ 6 ಉಳಿಯುತ್ತದೆ. ‘ಹಾರ್ದಿಕ’ ಬಿಟ್ಟರೆ ಅದರ ಪಕ್ಕದ ಖಾಲಿ ಜಾಗವೂ ಸೇರಿ 8 ಉಳಿಯುತ್ತದೆ. ಕತ್ತರಿಸಬೇಕಾದ್ದು ಕ್ರಿಸ್ತನನ್ನಲ್ಲ, ಹಾರ್ದಿಕವನ್ನು!

ಇಂಗ್ಲಿಷ್ ಬ್ಯಾನರ್‌ನಲ್ಲಿ ವಾದಕ್ಕೆ ಸ್ವಲ್ಪ ತೂಕವಿದೆ, ಯಾಕೆಂದರೆ ಅಲ್ಲಿ 9 ಅಕ್ಷರ 4ಕ್ಕೆ ಇಳಿಯುತ್ತದೆ. ಅದೇ ಅಗಲದಲ್ಲಿ ಅಕ್ಷರವನ್ನು ಹೆಚ್ಚುಕಡಿಮೆ ಇಮ್ಮಡಿ ದೊಡ್ಡದು ಮಾಡಬಹುದು. ಅಂಗಡಿಯ ರಿಯಾಯಿತಿ ಬೋರ್ಡು, ಕೇಕ್ ಡಬ್ಬಿಯ ಚೀಟಿ, ಕ್ಯಾಲೆಂಡರಿನ ಚೌಕ: ಇಲ್ಲೆಲ್ಲ ನನ್ನ ಅಭ್ಯಂತರವಿಲ್ಲ. ಚರ್ಚಿನ ಆಮಂತ್ರಣ, ಬಲಿಪೂಜೆಯ ವೇಳಾಪಟ್ಟಿ, ಹಿರಿಯರಿಗೆ ಕಳಿಸುವ ಕಾರ್ಡು: ಇಲ್ಲಿ ಬೇಡ. ಫ್ಲೆಕ್ಸ್ ಅಗಲ ಸಾಲದಿದ್ದರೆ ಎರಡು ಸಾಲಾಗಿ ಒಡೆಯಿರಿ, ಮೇಲೆ ‘ಮೆರ್ರಿ’, ಕೆಳಗೆ ‘ಕ್ರಿಸ್‌ಮಸ್’. ಕನ್ನಡದಲ್ಲಾದರೆ ಸಾಲುಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಸಿ, ಇಲ್ಲವಾದರೆ ‘ಕ್ರಿ’ಯ ಒತ್ತು ಕೆಳಸಾಲಿನ ಗುಡಿಸಿಗೆ ಬಡಿಯುತ್ತದೆ.

ಇಂಗ್ಲಿಷ್‌ನಲ್ಲಿ ಬರೆದೇ ತೀರುತ್ತೇನೆ ಎನ್ನುವವರು ಎಕ್ಸ್ ಮತ್ತು ಎಂ ನಡುವೆ ಮೇಲುಕೊಕ್ಕೆ (ಅಪಾಸ್ಟ್ರಫಿ) ಹಾಕಬೇಡಿ. ನಮ್ಮೂರುಗಳ ಬೋರ್ಡುಗಳಲ್ಲಿ ಅದು ತಪ್ಪದೆ ಇರುತ್ತದೆ. ಆ ಕೊಕ್ಕೆ ಅಕ್ಷರ ಬಿಟ್ಟುಹೋಗಿದೆ ಎನ್ನುವ ಗುರುತು. ಇಲ್ಲಿ ಖೀ ಒಂದೇ ಇಡೀ ಹೆಸರಿನ ಪರವಾಗಿ ನಿಂತಿರುವುದರಿಂದ ಕೊಕ್ಕೆಗೆ ಕೆಲಸವಿಲ್ಲ. ನಡುವಿನ ಅಡ್ಡಗೆರೆಯೂ (ಹೈಫನ್) ಬೇಡ, ಸಾಲಿನ ಕೊನೆಗೆ ಬಿದ್ದರೆ ಪದ ಅಲ್ಲೇ ತುಂಡಾಗಿ, ಮೇಲಿನ ಸಾಲಿನಲ್ಲಿ ಎಕ್ಸ್ ಒಂದೇ ನೇತಾಡುತ್ತದೆ.