ಅಪ್‌ಡೇಟ್ ಮುಂದೆ ಹೋಯಿತು, ಅಂಗಡಿ ಹೋಗಲಿಲ್ಲ

ನನ್ನ ಟೇಬಲ್ ಮೇಲೆ ಯಾವಾಗಲೂ ಒಂದು ಹಳೇ ಫೋನ್ ಇರುತ್ತಿತ್ತು. 2 ಜಿಬಿ ರ‍್ಯಾಮ್. ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿತ್ತು, ಹಿಂದೆ 'ಟೆಸ್ಟ್ 7' ಅಂತ ಬರೆದ ಪ್ಲಾಸ್ಟರ್ ಅಂಟಿಸಿದ್ದೆವು. ಆಫೀಸಿನಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಆದರೆ ನಮ್ಮ ಗೇಮ್ ಆಡುತ್ತಿದ್ದ ತುಂಬಾ ಜನರ ಕೈಯಲ್ಲಿ ಇದ್ದದ್ದು ಅಂಥದ್ದೇ ಫೋನ್.

ಆಗ ನಾನು ಬೆಂಗಳೂರಿನ ಒಂದು ಮೊಬೈಲ್ ಗೇಮ್ ಸ್ಟುಡಿಯೋದಲ್ಲಿ ಟೆಸ್ಟರ್. ದೀಪಾವಳಿಗೆ ದೊಡ್ಡ ಅಪ್‌ಡೇಟ್ ಬರಬೇಕಿತ್ತು. ಹೊಸ ಲೆವೆಲ್‌ಗಳು, ರೇಷ್ಮೆ ಬಟ್ಟೆ ಉಟ್ಟ ಪಾತ್ರಗಳು, ಗೇಮ್ ಒಳಗಿನ ಅಂಗಡಿಯಲ್ಲಿ ಹಬ್ಬದ ಆಫರ್. ಎಲ್ಲ ಚೆನ್ನಾಗಿಯೇ ಇತ್ತು, ಆ ಹಳೇ ಫೋನಲ್ಲಿ ಹಾಕಿ ನೋಡುವವರೆಗೆ.

ನಮ್ಮ ಗೇಮ್‌ನಲ್ಲಿ ಕಾಯಿನ್ ಖಾಲಿಯಾದರೆ ಒಂದು ವಿಡಿಯೋ ಜಾಹೀರಾತು ನೋಡಬೇಕು. ನೋಡಿದರೆ 50 ಕಾಯಿನ್. ಜಾಹೀರಾತಿನ ಮೇಲೆ ಬೆರಳು ತಾಗಿದರೆ ಪ್ಲೇ ಸ್ಟೋರ್ ತೆರೆದುಕೊಳ್ಳುತ್ತದೆ. ಆಗ ಮೆಮೊರಿ ಸಾಲದೆ ಆಂಡ್ರಾಯ್ಡ್ ಹಿಂದೆ ಸರಿದ ನಮ್ಮ ಗೇಮನ್ನು ಮುಚ್ಚಿಬಿಡುತ್ತದೆ. ವಾಪಸ್ ಬಂದರೆ ಗೇಮ್ ಮೊದಲಿಂದ ಶುರು. ಕಾಯಿನ್ ಬಂದಿರುವುದಿಲ್ಲ. ಹತ್ತು ಸಲ ಮಾಡಿದರೆ ಆರು ಸಲ ಹೀಗಾಗುತ್ತಿತ್ತು. ಈಗ ಹಬ್ಬದ ಚಿತ್ರಗಳು ಭಾರವಾಗಿದ್ದರಿಂದ ಗೇಮ್ ನಡುವೆ ಕ್ರ್ಯಾಶ್ ಕೂಡ ಆಗತೊಡಗಿತು.

ಕಾಯಿನ್ ಬಗ್ ಬಗ್ಗೆ ನಾನು ಅದಕ್ಕೂ ಹಿಂದಿನ ಮೂರು ಅಪ್‌ಡೇಟ್‌ಗಳಿಂದ ಬರೆಯುತ್ತಲೇ ಇದ್ದೆ. ವಿಡಿಯೋ ಹಾಕಿದ್ದೆ, ಲಾಗ್ ಹಾಕಿದ್ದೆ. ಪ್ರತಿ ಸಲ ಒಂದೇ ಉತ್ತರ, 'ಮುಂದಿನ ರಿಲೀಸ್‌ಗೆ ನೋಡೋಣ'. ಇವರಿಗೆ ದುಡ್ಡೊಂದೇ ಮುಖ್ಯ, ಆಡುವವರು ಮುಖ್ಯ ಅಲ್ಲ ಅಂತ ನನಗೆ ತುಂಬಾ ಸಿಟ್ಟಿತ್ತು.

ಒಂದು ದಿನ ಊಟದ ಹೊತ್ತಲ್ಲಿ ಸಪೋರ್ಟ್ ಟೀಮಿನ ಗೆಳತಿ ತನ್ನ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಒಬ್ಬ ಹುಡುಗ ಕನ್ನಡದಲ್ಲಿ ಬರೆದಿದ್ದ: 'ಅಕ್ಕನ ಫೋನಲ್ಲಿ ಆಡ್ತೀನಿ. ಡೇಟಾ ಎಲ್ಲಾ ಆ್ಯಡ್‌ಗೇ ಹೋಯ್ತು. 50 ಕಾಯಿನ್ ಬರ್ಲಿಲ್ಲ. ಇನ್ಮೇಲೆ ಆ್ಯಡ್ ನೋಡಲ್ಲ.' ಅಂಥ ದೂರು ಒಂದೆರಡಲ್ಲ. ಕೆಳಗೆ ಉದ್ದಕ್ಕೆ ಇದ್ದವು.

ನನಗೆ ತಾಗಿದ್ದು ಕೊನೆಯ ಸಾಲು. ದುಡ್ಡು ಕೊಟ್ಟು ಏನಾದರೂ ಕೊಳ್ಳುವವರು ನಮ್ಮ ಗೇಮ್‌ನಲ್ಲಿ ಕಡಿಮೆ. ಸ್ಟುಡಿಯೋಗೆ ಜಾಹೀರಾತೇ ಅನ್ನ. ಡೇಟಾ ನೋಡುವ ಹುಡುಗನ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದೆ: ಒಮ್ಮೆ ಕಾಯಿನ್ ಕಳೆದುಕೊಂಡವರು ಆಮೇಲೆ ಜಾಹೀರಾತು ನೋಡುತ್ತಾರಾ? ಸಂಜೆ ಅವನು ಒಂದು ಗ್ರಾಫ್ ತಂದ. ಗೆರೆ ಸೀದಾ ಕೆಳಗೆ ಬಿದ್ದಿತ್ತು.

ಅದರ ಜೊತೆ ಗೂಗಲ್ ಪ್ಲೇ ನಿಯಮವನ್ನೂ ಸೇರಿಸಿದೆ. ಒಂದು ದಿನ ಆಡಿದವರಲ್ಲಿ ಶೇ 1.09ಕ್ಕಿಂತ ಜಾಸ್ತಿ ಜನರಿಗೆ ಕಣ್ಣೆದುರೇ ಕ್ರ್ಯಾಶ್ ಆದರೆ, ಪ್ಲೇ ಸ್ಟೋರ್ ಆ ಆ್ಯಪನ್ನು ಕೆಟ್ಟದ್ದು ಅಂತ ಗುರುತಿಸುತ್ತದೆ. ಒಂದೇ ಮಾಡೆಲ್ ಫೋನ್‌ಗೆ ಈ ಗಡಿ ಶೇ 8. ದಾಟಿದರೆ ಹುಡುಕಾಟದಲ್ಲಿ ಆ್ಯಪ್ ಹಿಂದೆ ಬೀಳಬಹುದು, ಆ ಫೋನ್ ಇರುವವರಿಗೆ ಸ್ಟೋರ್‌ನಲ್ಲೇ ಎಚ್ಚರಿಕೆ ಕಾಣಬಹುದು. ಹಬ್ಬದ ವಾರಕ್ಕೆ ಮಾರ್ಕೆಟಿಂಗ್ ದುಡ್ಡು ಆಗಲೇ ಕಟ್ಟಿಯಾಗಿತ್ತು. ಆ ವಾರ ಎಲ್ಲರೂ ಜಾಹೀರಾತು ಹಾಕುವುದರಿಂದ ಒಬ್ಬ ಹೊಸ ಆಟಗಾರನನ್ನು ತರುವ ಖರ್ಚೂ ಜಾಸ್ತಿ. ಅಷ್ಟು ಕೊಟ್ಟು ಕರೆತಂದವನಿಗೆ ಮೊದಲ ದಿನವೇ ಗೇಮ್ ಕ್ರ್ಯಾಶ್ ಆದರೆ ಅವನು ಮತ್ತೆ ಬರುತ್ತಾನಾ?

ಮೀಟಿಂಗ್‌ನಲ್ಲಿ ನಾನು 'ಬಗ್' ಅನ್ನುವ ಪದವನ್ನೇ ಹೆಚ್ಚು ಬಳಸಲಿಲ್ಲ. ಗ್ರಾಫ್ ತೋರಿಸಿದೆ, ಸುಮ್ನೆ ಕೂತೆ. ಪ್ರಾಡಕ್ಟ್ ಮ್ಯಾನೇಜರ್ ಸ್ವಲ್ಪ ಹೊತ್ತು ನೋಡಿ, 'ತೂತು ಬಿದ್ದ ಕೊಡಕ್ಕೆ ನೀರು ಹುಯ್ಯೋದು ಬೇಡ' ಅಂದರು. ತಿಂಗಳುಗಟ್ಟಲೆ ಆಗದ್ದು ಇಪ್ಪತ್ತು ನಿಮಿಷದಲ್ಲಿ ಆಯಿತು. ಅಪ್‌ಡೇಟ್ ಎರಡೂವರೆ ವಾರ ಮುಂದೆ ಹೋಯಿತು.

ಆದರೆ ಏನು ಮುಂದೆ ಹೋಯಿತು, ಏನು ಹೋಗಲಿಲ್ಲ ಅನ್ನುವುದನ್ನು ನೋಡಬೇಕು. ಹೊಸ ಲೆವೆಲ್, ಹೊಸ ಬಟ್ಟೆ ನಿಂತವು. ಅಂಗಡಿಯ ಹಬ್ಬದ ಆಫರ್ ನಿಲ್ಲಲಿಲ್ಲ. ಅದಕ್ಕೆ ಹೊಸ ಬಿಲ್ಡ್, ಅಂದರೆ ಗೇಮ್‌ನ ಹೊಸ ಆವೃತ್ತಿ ಬೇಕಿರಲಿಲ್ಲ, ಸರ್ವರ್‌ನಲ್ಲಿ ಬೆಲೆ ಮತ್ತು ತಾರೀಖು ಬದಲಿಸಿದರೆ ಸಾಕಿತ್ತು. ಹೇಳಿದ ದಿನವೇ ಬಂತು.

ಅವತ್ತಿನಿಂದ ಯಾವ ಗೇಮ್ ಅಪ್‌ಡೇಟ್ ತಡ ಅಂತ ಕೇಳಿದರೂ ನಾನು ಮೊದಲು ಇದನ್ನೇ ನೋಡುತ್ತೇನೆ. ಯೂಬಿಸಾಫ್ಟ್ ಕಂಪನಿಯ 'ರೇನ್‌ಬೋ ಸಿಕ್ಸ್ ಸೀಜ್' ಅನ್ನುವ ಶೂಟಿಂಗ್ ಗೇಮ್‌ನ ಕಥೆ ಇದಕ್ಕೆ ತುಂಬಾ ಒಳ್ಳೆಯ ಉದಾಹರಣೆ. 2017ರ ಮೇ ತಿಂಗಳಲ್ಲಿ ಅವರು ಒಂದು ಇಡೀ ಸೀಸನ್ (ಕೆಲವು ತಿಂಗಳಿಗೊಮ್ಮೆ ಬರುವ ಹೊಸ ಕಂತು) ಕೈಬಿಟ್ಟು 'ಆಪರೇಷನ್ ಹೆಲ್ತ್' ಘೋಷಿಸಿದರು. ಸರ್ವರ್, ಆಟಗಾರರನ್ನು ಜೊತೆಗೂಡಿಸುವ ಮ್ಯಾಚ್‌ಮೇಕಿಂಗ್, ಹೊಡೆದ ಗುಂಡು ಲೆಕ್ಕಕ್ಕೆ ಬಾರದ ತೊಂದರೆ, ಇವನ್ನೆಲ್ಲ ಸರಿ ಮಾಡುವುದಕ್ಕೇ ಆ ಸಮಯ. ಹಾಂಗ್‌ಕಾಂಗ್ ಸೀಸನ್ ಮುಂದೆ ಹೋಗಿ ಸೆಪ್ಟೆಂಬರ್‌ನಲ್ಲಿ ಬಂತು. ಪೋಲೆಂಡ್ ಸೀಸನ್ ರದ್ದಾಯಿತು, ಅದರ ಮ್ಯಾಪ್ (ಆಡುವ ಜಾಗ) ಬರಲೇ ಇಲ್ಲ. ಆದರೆ ಪೋಲೆಂಡಿನ ಇಬ್ಬರು ಆಪರೇಟರ್‌ಗಳು, ಅಂದರೆ ಆಡುವ ಪಾತ್ರಗಳು, ಬಂದರು. ಎಲಾಳನ್ನು ಹಾಂಗ್‌ಕಾಂಗ್ ಸೀಸನ್‌ಗೆ, ಜೋಫಿಯಾಳನ್ನು ಕೊರಿಯಾ ಸೀಸನ್‌ಗೆ ಸೇರಿಸಿದರು. ಯಾಕೆ? ಜನ ದುಡ್ಡು ಕೊಟ್ಟು ಕೊಂಡಿದ್ದ ವರ್ಷದ ಪಾಸ್‌ನಲ್ಲಿ 8 ಆಪರೇಟರ್‌ಗಳ ಮಾತು ಕೊಟ್ಟಿದ್ದರು. ಮ್ಯಾಪ್ ಎಲ್ಲರಿಗೂ ಉಚಿತ. ಉಚಿತವಾದದ್ದನ್ನು ಬಿಡಬಹುದು, ಮಾರಿದ್ದನ್ನು ಬಿಡಲಾಗದು. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಮಾತು ಉಳಿಸಿಕೊಂಡರು, ಗೇಮನ್ನೂ ಉಳಿಸಿಕೊಂಡರು. 2015ರಲ್ಲಿ ಬಂದ ಗೇಮ್ ಹತ್ತು ವರ್ಷ ಆದ ಮೇಲೂ ನಡೆಯುತ್ತಿದೆ.

ಪಬ್‌ಜಿಯವರು 2018ರ ಆಗಸ್ಟ್‌ನಲ್ಲಿ ಪಿಸಿ ಆಟಗಾರರಿಗಾಗಿ 'ಫಿಕ್ಸ್ ಪಬ್‌ಜಿ' ಅಂತ ಬಗ್ ಸರಿಪಡಿಸುವ ಕೆಲಸ ಶುರು ಮಾಡಿದಾಗ ಎದುರಿಗೆ ಅಂಥದ್ದೇ ಗೇಮ್ ಫೋರ್ಟ್‌ನೈಟ್ ಇತ್ತು, ಅದೂ ಉಚಿತವಾಗಿ. ಆಟಗಾರನಿಗೆ ಹೋಗಲು ಬೇರೆ ಮನೆ ಇದ್ದಾಗ ಸೋರುವ ಸೂರು ಬೇಗ ಕಣ್ಣಿಗೆ ಬೀಳುತ್ತದೆ. 'ಸೈಬರ್‌ಪಂಕ್ 2077' ವಿಷಯ ಇನ್ನೂ ನೇರ. 2020ರ ಡಿಸೆಂಬರ್ 10ಕ್ಕೆ ಬಿಡುಗಡೆಯಾಯಿತು. ಬಗ್‌ಗಳ ಕಾಟಕ್ಕೆ ಒಂದೇ ವಾರದಲ್ಲಿ ಸೋನಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದು ಹಣ ವಾಪಸ್ ಕೊಡತೊಡಗಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದಿದ್ದು 2021ರ ಜೂನ್‌ನಲ್ಲಿ. ಆ ನಡುವೆ ಉಚಿತವಾಗಿ ಕೊಡಬೇಕಿದ್ದ ಹೊಸ ಭಾಗಗಳನ್ನು ಮುಂದೆ ಹಾಕಿ ಬಗ್ ಸರಿಪಡಿಸುವುದಕ್ಕೆ ಕೂತರು. ಅಂಗಡಿಯ ಬಾಗಿಲೇ ಮುಚ್ಚಿದಾಗ ಮಾಡಬೇಕಾದ ಮೊದಲ ಕೆಲಸ ಅದೇ ಅಲ್ವಾ? ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಎಕ್ಸ್‌ಪ್ಯಾನ್ಷನ್ (ಗೇಮ್‌ನ ಹೊಸ ಭಾಗ) 2023ರಲ್ಲಿ ಬಂತು, ಗೇಮ್ ಸರಿಯಾದ ಮೇಲೆ.

ನಮ್ಮ ಗೇಮ್ ಒಳಗೆ ಹಾಕಿದ ಸೂಚನೆಯಲ್ಲಿ 'ನಿಮಗಾಗಿ ತಡ ಮಾಡುತ್ತಿದ್ದೇವೆ' ಅಂತಿತ್ತು. ಅದನ್ನು ಓದಿ ಚೆಕ್ ಮಾಡಿದ್ದು ನಾನೇ. ಸುಳ್ಳೇನಲ್ಲ, ಆ ಹುಡುಗನಿಗೆ ನಿಜವಾಗಿ ಒಳ್ಳೆಯದಾಯಿತು. ಡೆವಲಪರ್‌ಗಳು ಬರಬೇಕಾದ ಕಾಯಿನ್ ಲೆಕ್ಕವನ್ನು ಸರ್ವರ್‌ನಲ್ಲಿ ಬರೆದಿಡುವ ಹಾಗೆ ಮಾಡಿದರು. ಗೇಮ್ ಮುಚ್ಚಿ ಮತ್ತೆ ತೆರೆದರೂ 50 ಕಾಯಿನ್ ಠಣ್ ಅಂತ ಬಂದು ಬೀಳುತ್ತಿತ್ತು. ಹಳೇ ಫೋನಲ್ಲಿ ಮೊದಲ ಸಲ ಅದು ಬಿದ್ದಾಗ ನಾನು ಸಪೋರ್ಟ್ ಟೀಮಿನ ಕಡೆ ಓಡಿ ಹೋಗಿ ತೋರಿಸಿದೆ.

ಆಮೇಲೆ ನನ್ನ ಬಗ್ ರಿಪೋರ್ಟ್‌ಗಳಲ್ಲಿ ಒಂದು ಸಾಲು ಜಾಸ್ತಿಯಾಯಿತು: ಇದರಿಂದ ಯಾರು, ಎಷ್ಟು ಕಳೆದುಕೊಳ್ಳುತ್ತಾರೆ. ಕೆಲಸ ಸುಲಭವಾಯಿತು. ಆದರೆ ಒಂದು ಬಗ್‌ಗೆ ಮಾತ್ರ ಆ ಸಾಲು ತುಂಬಲು ಆಗಲಿಲ್ಲ. ಕನ್ನಡ ಆಯ್ಕೆ ಮಾಡಿದರೆ ಗೇಮ್‌ನಲ್ಲಿ ಒತ್ತಕ್ಷರ ಒಡೆಯುತ್ತಿತ್ತು. ಅಂಗಡಿಯ ಬೋರ್ಡ್ ಮೇಲೆ 'ಹಬ್ಬದ ಆಫರ್' ಹೋಗಿ 'ಹಬ್‌ಬದ ಆಫರ್' ಅಂತ ಕಾಣುತ್ತಿತ್ತು. ಕನ್ನಡದಲ್ಲಿ ಆಡುವವರು ಕಡಿಮೆ, ಆಡುವವರೂ ಅದಕ್ಕಾಗಿ ಗೇಮ್ ಬಿಡುತ್ತಿರಲಿಲ್ಲ. ಗ್ರಾಫ್‌ನಲ್ಲಿ ಏನೂ ಬೀಳಲಿಲ್ಲ. ನಾನು ಆ ಸ್ಟುಡಿಯೋ ಬಿಟ್ಟ ದಿನವೂ ಅದು ಲಿಸ್ಟ್‌ನಲ್ಲಿ ಹಾಗೇ ಇತ್ತು, ನನ್ನ ಹೆಸರಿನಲ್ಲಿ.