ಕಕ್ಕಡದ ಕೆಸರು, ಕ್ಲೀಟ್, ಗಮ್‌ಬೂಟ್

ಜೂನ್ ಮೂರನೇ ವಾರ. ನಮ್ಮ ತೋಟದ ಗೇಟಿನಿಂದ ಟಾರು ರಸ್ತೆಗೆ ಇನ್ನೂರು ಮೀಟರ್ ಮಣ್ಣುದಾರಿ. ಮಡಿಕೇರಿಯಿಂದ ಭಾಗಮಂಡಲದವರೆಗೆ ಮಳೆಯಲ್ಲೂ ತುಳಿಯಬಲ್ಲೆ, ಈ ಇನ್ನೂರು ಮೀಟರ್ ಮಾತ್ರ ಕೈಕೊಡುತ್ತದೆ. ಸೈಕಲ್ ತಳ್ಳಿಕೊಂಡು ಟಾರಿಗೆ ಬಂದು ಪೆಡಲ್ ಮೇಲೆ ಕಾಲಿಟ್ಟರೆ, ಕ್ಲೀಟ್ (ಶೂ ಅಡಿಯಲ್ಲಿದ್ದು ಪೆಡಲಿಗೆ ಸಿಕ್ಕಿಕೊಳ್ಳುವ ಲೋಹದ ತುಂಡು) ಕೂತಾಗ ಬರುವ 'ಟಕ್' ಎನ್ನುವ ಸದ್ದೇ ಇಲ್ಲ.

ಶೂ ತಿರುಗಿಸಿ ನೋಡಿದೆ. ಮೇಲೆ ಒದ್ದೆ ಕೆಂಪು ಮಣ್ಣು, ಅದರಡಿ ಮಡಚಿಕೊಂಡ ಕಾಫಿ ಎಲೆ, ತಳದಲ್ಲಿ ಕಡಲೆ ಗಾತ್ರದ ಜಲ್ಲಿ. ಮೈಭಾರಕ್ಕೆ ಒತ್ತಿ ಒತ್ತಿ ಇಟ್ಟಿಗೆಯ ಹಾಗೆ ಕೂತಿತ್ತು. ಕ್ಲೀಟನ್ನು ಶೂ ಅಡಿಯ ಗುಳಿಯಲ್ಲಿ ಅಡಗಿಸುವ ಎಸ್‌ಪಿಡಿ ಪದ್ಧತಿಯನ್ನು ಜಪಾನಿನ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊ 1990ರಲ್ಲಿ ತಂದಿತು, ಅದರಿಂದಲೇ ಈ ಶೂನಲ್ಲಿ ನಡೆಯಲು ಆಗುವುದು. ಆದರೆ ನಡೆದರೆ ಮಣ್ಣು ತುಂಬುವುದೂ ಅದೇ ಗುಳಿಗೆ. ಕ್ಲೀಟಿನ ಮೂತಿ ಪೆಡಲಿನ ಮುಂದಿನ ಕೊಕ್ಕೆಯೊಳಗೆ ಹೋಗಬೇಕು, ಆಮೇಲೆ ಒತ್ತಿದಾಗ ಹಿಂದಿನ ಸ್ಪ್ರಿಂಗ್ ಕೊಕ್ಕೆ ಹಿಡಿಯಬೇಕು. ನಡುವೆ ಮಣ್ಣಿದ್ದರೆ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ.

ಮೊದಲು ತೆಂಗಿನೆಣ್ಣೆ ಸವರಿದೆ. ಅದು ತಪ್ಪು. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ನಮ್ಮಲ್ಲಿ ಮಳೆಗಾಲದ ಬೆಳಿಗ್ಗೆ ಅಷ್ಟು ಬಿಸಿ ಎಲ್ಲಿ? ಸ್ಪ್ರಿಂಗಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿ ಮರಳನ್ನೆಲ್ಲ ಹಿಡಿದುಕೊಂಡಿತ್ತು. ಸೀಮೆಎಣ್ಣೆಯಲ್ಲಿ ತೊಳೆಯುವಷ್ಟರಲ್ಲಿ ಒಂದು ಸಂಜೆ ಹೋಯಿತು.

ಜುಲೈ ಮೊದಲ ವಾರ, ಬಿದ್ದೆ. ಚೇರಂಬಾಣೆಯ ಹತ್ತಿರದ ತಿರುವಿನಲ್ಲಿ ಎದುರಿಗೆ ಜೀಪು ಬಂತು. ಎಡಗಾಲಿನ ಕ್ಲೀಟ್ ಅರ್ಧ ಸಿಕ್ಕಿಕೊಂಡಿತ್ತು. ಹಿಮ್ಮಡಿ ಹೊರಗೆ ತಿರುಗಿಸಿದರೂ ಬಿಡಲಿಲ್ಲ. ಸೈಕಲ್ ಸಮೇತ ಚರಂಡಿಗೆ ಬಿದ್ದು ಮೊಣಕೈ ತರಚಿತು. ಸಿಗದೇ ಇರುವ ಕ್ಲೀಟಿಗಿಂತ ಅರ್ಧ ಸಿಕ್ಕ ಕ್ಲೀಟೇ ಅಪಾಯ. ಅಂದೇ 3 ಎಂಎಂ ಅಲೆನ್ ಕೀ ಹಿಡಿದು ಸ್ಪ್ರಿಂಗ್ ಸಡಿಲಿಸಿದೆ. ಎರಡು ಪೆಡಲಿನ ಎರಡೂ ಮುಖ ಸೇರಿ ನಾಲ್ಕು ಸ್ಕ್ರೂ, ಒಂದೊಂದಕ್ಕೂ ಎರಡೆರಡು ಕ್ಲಿಕ್. ಒಂದು ಮುಖ ಮರೆತರೆ ಕಾಲಿಗೆ ಅಂದಾಜೇ ಸಿಗುವುದಿಲ್ಲ. ಕ್ಲೀಟ್ ಬೋಲ್ಟಿನ ತಲೆಯ ಗುಳಿಗಳಿಗೆ ಮೇಣದಬತ್ತಿ ಕರಗಿಸಿ ತೊಟ್ಟಿಕ್ಕಿಸಿದೆ. ಅಲ್ಲಿ ಜಲ್ಲಿ ಕೂತರೆ ಮುಂದೆ ಕೀ ಹಿಡಿಯುವುದಿಲ್ಲ, ಜಾರಿ ಜಾರಿ ಬೋಲ್ಟಿನ ತಲೆಯೇ ಸವೆದುಹೋಗುತ್ತದೆ. ಮೇಣವನ್ನಾದರೆ ಸೂಜಿಯಿಂದ ಕೆರೆದು ತೆಗೆಯಬಹುದು.

ಅದೇ ವಾರ ಕೆನಡಾದ ಕ್ಯಾಲ್ಗರಿಯಲ್ಲಿರುವ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನಿಗೆ ಚಳಿಗಾಲವಿಡೀ ಹಿಮದ ಕಾಟ. "ಅಣ್ಣ, ಮನೆಯೊಳಗೆ ಬೆಚ್ಚಗಿದ್ದ ಶೂ ಹಾಕ್ಕೊಂಡು ಹಿಮ ತುಳಿದ್ರೆ ಕೆಟ್ಟೆ ಅಂತಾನೇ ಲೆಕ್ಕ. ಕ್ಲೀಟಿನ ಬಿಸಿಗೆ ಹಿಮ ಕರಗುತ್ತೆ, ಆಮೇಲೆ ಅಲ್ಲೇ ಮಂಜುಗಡ್ಡೆ ಆಗುತ್ತೆ" ಎಂದ. ಅವನು ಶೂವನ್ನು ತಣ್ಣಗಿನ ಗ್ಯಾರೇಜಿನಲ್ಲೇ ಇಡುತ್ತಾನೆ, ಕ್ಲೀಟಿಗೂ ಸ್ಪ್ರಿಂಗಿಗೂ ಸಿಲಿಕೋನ್ ಸ್ಪ್ರೇ ಹೊಡೆಯುತ್ತಾನೆ. ಗಡ್ಡೆ ಕಟ್ಟಿದರೆ ಪೆಡಲಿಗೆ ಶೂ ಕುಟ್ಟಿ ಒಡೆಯುತ್ತಾನೆ. ತೀರಾ ಚಳಿಯಾದರೆ ಸಾದಾ ಪೆಡಲ್. ನಮ್ಮ ಜೇಡಿ ಮಂಜುಗಡ್ಡೆಯಂತೆ ಒಡೆಯುವುದಿಲ್ಲ, ಕುಟ್ಟಿದಷ್ಟೂ ಬಳಿದುಕೊಳ್ಳುತ್ತದೆ. ಆದರೆ ಅವನ ಇನ್ನೊಂದು ಮಾತು ನನಗೆ ನೇರ ತಾಗಿತು: "ಹತ್ತುವ ತನಕ ಹಿಮಕ್ಕೆ ಕಾಲೇ ಇಡಬೇಡ."

ಸರಿಪಡಿಸಬೇಕಾದ್ದು ಪೆಡಲನ್ನಲ್ಲ, ದಾರಿ ದಾಟುವ ಬಗೆಯನ್ನು. ಈಗ ತೋಟದ ಗಮ್‌ಬೂಟ್ ಹಾಕಿಕೊಂಡು, ಸೈಕಲ್ ಶೂವನ್ನು ಚೀಲದಲ್ಲಿಟ್ಟು ಟಾರಿನವರೆಗೆ ನಡೆಯುತ್ತೇನೆ. ಅಲ್ಲಿ ಹಾಲಿನ ಕ್ಯಾನ್ ಇಡುವ ಕಟ್ಟೆಯ ಮೇಲೆ ಕೂತು ಶೂ ಬದಲಾಯಿಸಿ, ಗಮ್‌ಬೂಟನ್ನು ಬೇಲಿಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸುತ್ತೇನೆ. ಕಾಲುಚೀಲಕ್ಕೆ ಜಿಗಣೆ ಹತ್ತಿದೆಯೇ ಎಂದು ನೋಡಿಕೊಳ್ಳಲು ಆ ಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ಸಿಲಿಕೋನ್ ಸ್ಪ್ರೇ ಕ್ಲೀಟಿಗೆ, ಸ್ಪ್ರಿಂಗಿಗೆ ಮಾತ್ರ. ರಬ್ಬರ್ ಅಡಿಗೆ ತಾಗಿದರೆ ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ನಿಲ್ಲದು.

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟು. ಮದ್ದುಸೊಪ್ಪಿನ ಪಾಯಸ ಉಂಡು ಮಧ್ಯಾಹ್ನ ಹೊರಟೆ. ಬೆಟ್ಟಗೇರಿಯವರೆಗೆ ಹೋಗಿ ಬಂದೆ, ದಾರಿಯಲ್ಲಿ ಹನ್ನೊಂದು ಸಲ ಕಾಲು ಬಿಡಿಸಿ ಸೇರಿಸಿದೆ, ಹನ್ನೊಂದು ಸಲವೂ 'ಟಕ್'.

ಒಣಗಿಸುವುದೊಂದು ಬಾಕಿ. ಹೋದ ವಾರ ನೀರೊಲೆಯ ಪಕ್ಕ ಇಟ್ಟು ಬಲಗಾಲಿನ ಶೂ ಅಡಿಯ ಅಂಟು ಬಿಟ್ಟಿದೆ. ಈಗ ಒಳಗೆ ಪೇಪರ್ ತುರುಕಿ ಎರಡು ಗಂಟೆಗೊಮ್ಮೆ ಬದಲಾಯಿಸುತ್ತಿದ್ದೇನೆ. ಕ್ಲೀಟಿನ ತೂತಿನಿಂದ ಒಳಗೆ ನೀರು ಏರದಂತೆ ಇನ್‌ಸೋಲ್ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇನೆ. ಭಾನುವಾರ ಭಾಗಮಂಡಲಕ್ಕೆ ಹೋಗಿ ಬಂದರೆ ಆ ತುಂಡು ನೀರು ತಡೆದಿದೆಯೋ ಇಲ್ಲವೋ ಗೊತ್ತಾಗುತ್ತದೆ.